ರಕ್ತದ ಸಕ್ಕರೆ ಕುಸಿದಿರುವುದನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನಗೆ ಮಧುಮೇಹವಿರುವುದು ಕಳೆದ ತಿಂಗಳಷ್ಟೇ ತಿಳಿದುಬಂದಿದ್ದು, ವೈದ್ಯರು ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಊಟ ತಡವಾದ ದಿನಗಳಲ್ಲಿ ಕೈ ನಡುಗಿ, ತಣ್ಣನೆಯ ಬೆವರು ಬಂದು, ಎದೆ ಹೊಡೆದುಕೊಳ್ಳುತ್ತದೆ. ಇದು ಸಕ್ಕರೆ ಇಳಿದುದರ ಲಕ್ಷಣವೋ, ಬರಿಯ ಆತಂಕವೋ?

ಉತ್ತರ 1: ದಯವಿಟ್ಟು ಊಹಿಸುತ್ತ ಕೂರಬೇಡಿ, ಆ ಕ್ಷಣದಲ್ಲೇ ಗ್ಲುಕೋಮೀಟರ್‌ನಲ್ಲಿ ಪರೀಕ್ಷಿಸಿಕೊಳ್ಳಿ. 70 mg/dLಗಿಂತ (ಮೀಟರ್ ತೋರಿಸುವ ಅಳತೆ) ಕಡಿಮೆಯಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ನಂತರ ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಮೀಟರ್ ಹತ್ತಿರವಿಲ್ಲದಿದ್ದರೆ ಸಕ್ಕರೆ ನೀರೇ ಮೊದಲು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ.

ಉತ್ತರ 2: ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಮಾತ್ರ ನೀವು ಉಣ್ಣದಿದ್ದರೂ ಸಕ್ಕರೆ ಇಳಿಸುವ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ; ಆದ್ದರಿಂದ ಈ ವಿಷಯವನ್ನು ವೈದ್ಯರಿಗೆ ಬೇಗನೆ ತಿಳಿಸಿ, ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬಹುಕಾಲ ಸಕ್ಕರೆ ಹೆಚ್ಚಿದ್ದವರಿಗೆ, ಚಿಕಿತ್ಸೆಯ ಆರಂಭದಲ್ಲಿ, ಅಂಕಿ 100ರ ಆಸುಪಾಸಿನಲ್ಲಿದ್ದರೂ ಇದೇ ನಡುಕ ಕಾಣಿಸಬಹುದು.

ಉತ್ತರ 3: ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ (ಎದೆಬಡಿತ ನಿಧಾನಿಸುವ ಔಷಧ) ತೆಗೆದುಕೊಳ್ಳುತ್ತಿದ್ದರೆ ನಡುಕವೂ ಎದೆಬಡಿತವೂ ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ನಮ್ಮ ತಂದೆಯವರಲ್ಲಿ ಮೊದಲು ಕಂಡದ್ದು ಮಾತಿನ ತೊದಲು ಮತ್ತು ಕಾರಣವಿಲ್ಲದ ಸಿಟ್ಟು. ಮನೆಯವರಿಗೂ ಇದನ್ನು ಹೇಳಿಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.