ತೆಳ್ಳನೆ ಕಲ್ಲಿದ್ದಲು ಸೀಸ್ಮಿಕ್‌ನಲ್ಲಿ ಕಾಣುತ್ತೆ, ನಮ್ಮ ಬೋರ್‌ವೆಲ್ ನೀರು ಯಾಕೆ ಕಾಣಲ್ಲ?

ಪ್ರಶ್ನೆ (ಶ್ರೀನಿವಾಸಪುರ, ಕೋಲಾರ ಜಿಲ್ಲೆ): ನಮಸ್ಕಾರ ಸರ್. ನಮ್ಮಣ್ಣನ ಮಗ ಗೋದಾವರಿ ಕಣಿವೆಯ ಕಲ್ಲಿದ್ದಲು ಸೀಮೆಯಲ್ಲಿ ಸೀಸ್ಮಿಕ್ ಸರ್ವೆ ತಂಡದಲ್ಲಿದ್ದಾನೆ. 300 ಮೀಟರ್ ಆಳದಲ್ಲಿ 2 ಮೀಟರ್ ದಪ್ಪದ ಪದರ ಇದ್ದರೂ ಗೊತ್ತಾಗುತ್ತದೆ ಅನ್ನುತ್ತಾನೆ. ನಿಜಾನಾ? ಹಾಗಿದ್ದರೆ ಅದೇ ಮೆಷಿನ್ ತಂದು ನಮ್ಮ ಮಾವಿನ ತೋಟದಲ್ಲಿ ಬೋರ್ ಪಾಯಿಂಟ್ ಮಾಡಿಸಬಹುದಾ? ಸಾವಿರ ಅಡಿ ದಾಟಿದರೂ ಬರೀ ಧೂಳೇ ಬರುತ್ತಿದೆ.

ಉತ್ತರ (ಭೂಭೌತ ತಜ್ಞ): ನಮಸ್ಕಾರ. ಹುಡುಗ ಸುಳ್ಳು ಹೇಳಿಲ್ಲ. ಆದರೆ ಪದರ ಇದೆ ಅಂತ ತಿಳಿಯುವುದು ಬೇರೆ, ಅದರ ದಪ್ಪ ಅಳೆಯುವುದು ಬೇರೆ.

ಸೀಸ್ಮಿಕ್ ಸರ್ವೆಯಲ್ಲಿ ನೆಲಕ್ಕೆ ಸಣ್ಣ ರಂಧ್ರ ಕೊರೆದು ಒಳಗೆ ಸ್ಫೋಟಕ ಸಿಡಿಸುತ್ತಾರೆ. ಅಲೆಗಳು ಕೆಳಗಿನ ಪದರಗಳಿಗೆ ಬಡಿದು ವಾಪಸ್ ಬರುತ್ತವೆ. ಸಾಲಾಗಿ ನೆಟ್ಟ ಜಿಯೋಫೋನ್‌ಗಳು, ಅಂದರೆ ನೆಲದ ಕಂಪನ ಗುರುತಿಸುವ ಸಾಧನಗಳು, ಅವನ್ನು ಹಿಡಿಯುತ್ತವೆ. ಕಲ್ಲಿದ್ದಲು ಸುತ್ತಲಿನ ಮರಳುಗಲ್ಲಿಗಿಂತ ತುಂಬಾ ಹಗುರ, ಅಲೆಯ ವೇಗವೂ ಅದರಲ್ಲಿ ಕಡಿಮೆ. ಸೆಕೆಂಡಿಗೆ ಸುಮಾರು 2,200 ಮೀಟರ್ ಅಂದುಕೊಳ್ಳಿ. ಈ ವ್ಯತ್ಯಾಸದಿಂದಲೇ ಪ್ರತಿಧ್ವನಿ ಜೋರಾಗಿ ಬರುತ್ತದೆ, ತೆಳು ಪದರವೂ ಸಿಕ್ಕಿಬೀಳುತ್ತದೆ.

ತಲೆನೋವು ಇರುವುದು ಅಳತೆಯಲ್ಲಿ. 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ಅಲೆಗೆ ಆ ಕಲ್ಲಿದ್ದಲಿನೊಳಗೆ ತರಂಗದ ಉದ್ದ 22 ಮೀಟರ್. ಅದರ ಕಾಲು ಭಾಗಕ್ಕಿಂತ, ಅಂದರೆ ಐದೂವರೆ ಮೀಟರ್‌ಗಿಂತ ಪದರ ತೆಳುವಾದರೆ ಮೇಲ್ಭಾಗದ ಪ್ರತಿಧ್ವನಿ, ತಳದ ಪ್ರತಿಧ್ವನಿ ಎರಡೂ ಬೆರೆತುಹೋಗುತ್ತವೆ. ಆಮೇಲೆ ದಪ್ಪ ಇಳಿದಂತೆ ಆ ಬೆರೆತ ಪ್ರತಿಧ್ವನಿಯ ಬಲ ಇಳಿಯುತ್ತದೆ, ಅಷ್ಟೇ. ಆ ಬಲ ನೋಡಿಯೇ ದಪ್ಪ ಅಂದಾಜು ಮಾಡಬೇಕು. ಮಧ್ಯೆ ಜೇಡಿಗಲ್ಲಿನ ಪಟ್ಟಿ ಬಂದರೂ, ಮೇಲಿನ ಕಲ್ಲು ಬದಲಾದರೂ ಬಲ ಬದಲಾಗುತ್ತದೆ. ಹಾಗಾಗಿ ಹತ್ತಿರದಲ್ಲೇ ಕೊರೆದು ನೋಡಿದ ಬೋರ್‌ಹೋಲ್‌ನ ಅಳತೆಗೆ ಹೋಲಿಸದೆ ಬರೀ ಸೀಸ್ಮಿಕ್ ನಂಬಿ ದಪ್ಪ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನ ಕೇಳಿದರೆ, ಪದರ ಎಲ್ಲಿ ಮುರಿದು ಜಾರಿದೆ ಅಂತ ಮೊದಲೇ ತಿಳಿಯುವುದೇ ಗಣಿಯವರಿಗೆ ಜಾಸ್ತಿ ಲಾಭ. ಕೆಲವೇ ಮೀಟರ್ ಜಾರಿದ್ದರೂ ಪದರವನ್ನು ಉದ್ದಕ್ಕೂ ಕೊರೆಯುತ್ತಾ ಹೋಗುವ ಲಾಂಗ್‌ವಾಲ್ ಯಂತ್ರ ಅಲ್ಲೇ ನಿಂತುಬಿಡಬಹುದು.

ಇನ್ನು ನಿಮ್ಮ ತೋಟ. ಸುಮ್ನೆ ದುಡ್ಡು ಹಾಕಬೇಡಿ. ನಮ್ಮ ಕಡೆ ಇರುವುದು ಗ್ರಾನೈಟ್, ನೈಸ್ ಬಂಡೆ. ಹಾಸಿದಂಥ ಪದರಗಳೇ ಇಲ್ಲ. ಆಳದ ನೀರು ಕಿರಿದಾದ ಬಿರುಕುಗಳಲ್ಲಿರುತ್ತದೆ, ಎಷ್ಟೋ ಬಿರುಕುಗಳು ನೆಟ್ಟಗೆ ಇಳಿದಿರುತ್ತವೆ. ಅಂಥವುಗಳಿಂದ ಅಲೆ ಸರಿಯಾಗಿ ವಾಪಸ್ ಬರುವುದಿಲ್ಲ. ಮೇಲಿನ ಸವೆದ ಕಲ್ಲು ಎಷ್ಟು ಆಳದವರೆಗಿದೆ ಅಂತ ತಿಳಿಯಲು ಸೀಸ್ಮಿಕ್ ಸಾಕು. ನೀರಿಗೆ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ಕರೆಂಟ್ ಹರಿಸಿ ಅಳೆಯುವುದು) ಮಾಡಿಸಿ, ಅದು ಮೇಲಿನ ಕೆಲವು ನೂರು ಅಡಿಗೆ ಉಪಯೋಗ. ಸಾವಿರ ಅಡಿಯ ಸಣ್ಣ ಬಿರುಕನ್ನು ಅದೂ ತೋರಿಸಲಾರದು. ಅಷ್ಟು ಆಳಕ್ಕೆ ಗ್ಯಾರಂಟಿ ಕೊಡುವವರಿಂದ ದೂರ ಇರಿ.

ಇನ್ನೊಬ್ಬರು (ಚಿಂತಾಮಣಿ): ಸರ್, ಕೆಜಿಎಫ್‌ನಲ್ಲಿ ಅಷ್ಟು ಆಳಕ್ಕೆ ಇಳಿದಿದ್ದರಲ್ವಾ, ಅಲ್ಲೆಲ್ಲೂ ಕಲ್ಲಿದ್ದಲು ಸಿಗಲಿಲ್ವಾ?

ಉತ್ತರ: ಸಿಗುವ ಮಾತೇ ಇಲ್ಲ. 3 ಕಿಲೋಮೀಟರ್‌ಗೂ ಆಳ ಹೋದರು, ನಿಜ. ಆದರೆ ಆ ಬಂಡೆಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಭೂಮಿಯ ಮೇಲೆ ಆಗ ಗಿಡಮರಗಳೇ ಇರಲಿಲ್ಲ. ಗೋದಾವರಿ ಕಣಿವೆಯ ಕಲ್ಲಿದ್ದಲು 25–30 ಕೋಟಿ ವರ್ಷ ಹಿಂದಿನ ಕಾಡುಗಳದ್ದು. ಅಂದಹಾಗೆ, ಕೆಜಿಎಫ್‌ನಲ್ಲೂ ಜಿಯೋಫೋನ್ ಇಟ್ಟಿದ್ದರು. ಅದು ಅದಿರು ಹುಡುಕಲು ಅಲ್ಲ, ಒತ್ತಡಕ್ಕೆ ಬಂಡೆ ಸಿಡಿದಾಗ ಎಲ್ಲಿ ಸಿಡಿಯಿತು ಅಂತ ಪತ್ತೆ ಮಾಡಲು.