ಪ್ರಶ್ನೋತ್ತರ: ಮಾತು ನಿಂತುಹೋದ ಮಗು, ಮೂರು ವರ್ಷದವರೆಗೆ ಕಾಯಬಹುದೇ?

ಪ್ರಶ್ನೆ (ರಾಣೆಬೆನ್ನೂರಿನ ತಾಯಿ): ನಮಸ್ಕಾರ ಮೇಡಂ. ಮಗನಿಗೆ 26 ತಿಂಗಳು. ವರ್ಷ ತುಂಬಿದಾಗ ‘ಅಮ್ಮ’, ‘ಅಜ್ಜ’ ಅಂತಿದ್ದ, ಈಗ ಅದೂ ಇಲ್ಲ. ಹೆಸರು ಹಿಡಿದು ಕರೆದರೆ ತಿರುಗಲ್ಲ, ಬಿಸ್ಕತ್ ಪ್ಯಾಕೆಟ್ ಸದ್ದಾದರೆ ಒಳಮನೆಯಿಂದ ಓಡಿ ಬರ್ತಾನೆ. ನೀರು ಬೇಕಾದರೆ ನನ್ನ ಕೈ ಎಳೆದು ಕೊಡದ ಮೇಲೆ ಇಡ್ತಾನೆ. ಗಂಡುಹುಡುಗರಿಗೆ ಮಾತು ತಡ, ಬಜೆ ತೇಯ್ದು ನಾಲಿಗೆಗೆ ಹಚ್ಚು ಅಂತಾರೆ ಅತ್ತೆಯವರು. ಮೂರು ವರ್ಷದವರೆಗೆ ಕಾಯಬಹುದಾ?

ಉತ್ತರ (ವಾಕ್-ಶ್ರವಣ ತಜ್ಞೆ): ಕಾಯಬೇಡಿ ತಾಯಿ. ಬಂದ ಮಾತು ಹೋಯಿತು ಅನ್ನುವುದೊಂದೇ ಸಾಕು, ಈ ವಾರವೇ ಹೊರಡಲು. ಬಜೆಯೂ ಬೇಡ.

ಮೊದಲು ಕಿವಿ ಪರೀಕ್ಷೆ. ಪ್ಯಾಕೆಟ್ ಸದ್ದಿಗೆ ಓಡಿ ಬಂದ ಮಾತ್ರಕ್ಕೆ ಕಿವಿ ಸರಿ ಇದೆ ಅನ್ನಲಾಗದು. ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಬೆರಾ ಪರೀಕ್ಷೆಯನ್ನು ಮಗು ಮಲಗಿದ್ದಾಗಲೇ ಮಾಡುತ್ತಾರೆ, ನೋವಿಲ್ಲ.

ಹೆಸರಿಗೆ ತಿರುಗದಿರುವುದು, ಕೈ ಎಳೆಯುವುದು ನೋಡಿದರೆ ಆಟಿಸಂ ಇದೆಯೇ ಎಂದೂ ಪರೀಕ್ಷಿಸಬೇಕು. ಮಾತು, ಬೇರೆಯವರೊಡನೆ ಬೆರೆಯುವುದು ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ ಅದು. ಅದು ರಕ್ತಪರೀಕ್ಷೆಯಲ್ಲೂ ಸ್ಕ್ಯಾನಿಂಗ್‌ನಲ್ಲೂ ಕಾಣುವುದಿಲ್ಲ. ಮಗು ಬೆಳೆದು ಬಂದ ಬಗೆಯನ್ನು ಕೇಳಿ, ಆಡುವುದನ್ನು ನೋಡಿಯೇ ಹೇಳಬೇಕು. 16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸಾಧ್ಯತೆ ಗುರುತಿಸಲು ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಇಲ್ಲೊಂದು ಎಚ್ಚರ: ‘ಬೆರಳು ಮಾಡಿ ತೋರಿಸುತ್ತಾನಾ?’ ಎಂದರೆ ಬಹಳ ತಾಯಂದಿರು ಹೌದು ಅಂದುಬಿಡುತ್ತಾರೆ, ಮನಸ್ಸಿನಲ್ಲಿರುವುದು ಕೈ ಎಳೆಯುವುದು. ನಾವು ಕೇಳುವುದು ಬೇರೆ. ಮಾಳಿಗೆ ಮೇಲಿನ ಕಾಗೆಗೆ ಬೆರಳು ಮಾಡಿ, ‘ನೀನೂ ನೋಡಿದೆಯಾ’ ಎಂಬಂತೆ ನಿಮ್ಮ ಮುಖ ನೋಡುತ್ತಾನಾ ಅಂತ. ಅದಕ್ಕೇ ಅನುಮಾನ ಹುಟ್ಟಿಸುವ ಉತ್ತರಕ್ಕೊಂದರಂತೆ ಎಣಿಸಿದ ಅಂಕ 3ರಿಂದ 7 ಬಂದರೆ ಉದಾಹರಣೆ ಕೊಟ್ಟು ಮತ್ತೆ ಕೇಳುತ್ತೇವೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಜ್ಞರ ಬಳಿಗೆ. ಆಗಲೂ ಅದು ರೋಗನಿರ್ಣಯವಲ್ಲ.

ಮರುಪ್ರಶ್ನೆ: ಅಂಗವಿಕಲತೆಯ ಸರ್ಟಿಫಿಕೇಟ್ ಆದರೆ ಮುಂದೆ ಶಾಲೆಗೆ ತೊಂದರೆ ಅಂತ ನಮ್ಮ ಯಜಮಾನರು ಹಿಂಜರಿಯುತ್ತಿದ್ದಾರೆ. ಖರ್ಚೂ ಇದೆಯಲ್ಲ?

ಉತ್ತರ: ಥೆರಪಿಗೆ ಸರ್ಟಿಫಿಕೇಟ್ ಬೇಕಿಲ್ಲ, ಯಜಮಾನರಿಗೆ ಇದನ್ನು ಓದಿ ಹೇಳಿ. ಸರ್ಟಿಫಿಕೇಟಿಗೆ ಬಳಸುವ ಇಸಾ ಎಂಬ 40 ಅಂಶಗಳ ಭಾರತೀಯ ಮಾಪನವೇ 3 ವರ್ಷ ಮೇಲ್ಪಟ್ಟವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆ ಕಾಗದ ಮಗುವಿಗೆ ಸವಲತ್ತು ಕೊಡಿಸುತ್ತದೆಯೇ ಹೊರತು ಶಾಲೆಯ ಬಾಗಿಲು ಮುಚ್ಚುವುದಿಲ್ಲ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ‘ಡಿಇಐಸಿ ಎಲ್ಲಿದೆ’ ಎಂದು ಕೇಳಿ, ಅದು ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ತಪಾಸಣೆ ಉಚಿತ. ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್, ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ.

ದಿನಾಂಕ ಸಿಗುವುದು ತಡವಾದರೆ ಸುಮ್ಮನಿರಬೇಡಿ. ನೆಲದ ಮೇಲೆ ಅವನ ಮುಖಕ್ಕೆ ಮುಖ ಕೊಟ್ಟು ಕೂರಿ. ಲೋಟ ಹಿಡಿದು ‘ನೀರು’ ಎಂದು ಹೇಳಿ, ತುಸು ತಡೆಯಿರಿ. ಅವನು ನೋಡಿದರೂ ಸರಿ, ಒಂದು ಸದ್ದು ಮಾಡಿದರೂ ಸರಿ, ತಕ್ಷಣ ಕೊಡಿ. ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಮನೆಯಲ್ಲಿ ಅವನನ್ನು ಕರೆದಾಗ ತೆಗೆದ ಮೊಬೈಲ್ ವಿಡಿಯೊ ಇಷ್ಟು ಜೊತೆಗಿರಲಿ.