ಅಪ್‌ಡೇಟ್: ವೂಕಾಮರ್ಸ್‌ನಿಂದ ಶಾಪಿಫೈಗೆ, ತಯಾರಿ ಎಲ್ಲಿಗೆ ಬಂತು

ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು, ಜೋನಿಬೆಲ್ಲ ಮಾರುವ ಆನ್‌ಲೈನ್ ಅಂಗಡಿಯನ್ನು ವೂಕಾಮರ್ಸ್‌ನಿಂದ ಶಾಪಿಫೈಗೆ (ಎರಡೂ ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶ) ಸಾಗಿಸುವ ಮೊದಲು ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಸರಕಿನ ಪಟ್ಟಿ ಸಿಎಸ್‌ವಿಯಲ್ಲಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಟ್ಟಿ ಫೈಲು) ತೆಗೆದಾಯಿತು. ತೂಕದ ಕಾಲಂ ನೋಡಿ ಅಂದವರ ಮಾತು ಖರೆ: ನಮ್ಮ ಹಳೆಯದರಲ್ಲಿ ಕಿಲೋ, ಶಾಪಿಫೈ ಫೈಲಿನಲ್ಲಿ ಗ್ರಾಂ. 0.5 ಇದ್ದದ್ದನ್ನು 500 ಮಾಡದಿದ್ದರೆ ಅರ್ಧ ಕಿಲೋ ಮೆಣಸು ಅರ್ಧ ಗ್ರಾಂ ಆಗಿ ಕೊರಿಯರ್ ದರ ಪೂರ್ತಿ ಅಡ್ಡಾದಿಡ್ಡಿ. ಉಪ್ಪಿನಕಾಯಿಗೆ ಬಾಟಲಿ, ಪ್ಯಾಕಿಂಗ್ ಸೇರಿಸಿದ ತೂಕವನ್ನೇ ಹಾಕಿದ್ದೇವೆ. ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಕನ್ನಡ ಹೆಸರು ಕೆಡಬಹುದು. ಯುಟಿಎಫ್-8 (ಕನ್ನಡ ಅಕ್ಷರ ಸರಿಯಾಗಿ ಉಳಿಸುವ ಸಂಕೇತ ಪದ್ಧತಿ) ಆರಿಸಿ ಇಂಪೋರ್ಟ್ ಮಾಡಿ. ಫೋಟೋಗಳನ್ನು ಶಾಪಿಫೈ ಹಳೇ ಕೊಂಡಿಯಿಂದಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಹಳೇ ಹೋಸ್ಟಿಂಗ್ (ಸೈಟ್ ಇಟ್ಟಿರುವ ಬಾಡಿಗೆ ಸರ್ವರ್) ಈಗಲೇ ರದ್ದು ಮಾಡುವ ಹಾಗಿಲ್ಲ.

ತಲೆ ತಿಂದದ್ದು ರೀಡೈರೆಕ್ಟ್, ಅಂದರೆ ಹಳೇ ಕೊಂಡಿ ಒತ್ತಿದವರನ್ನು ಹೊಸ ಪುಟಕ್ಕೆ ಕಳಿಸುವುದು. ಕನ್ನಡದಲ್ಲಿಟ್ಟ ಕೊಂಡಿಗಳು ಒಳಗೆ ಶೇಕಡಾ ಚಿಹ್ನೆಗಳ ಉದ್ದ ಸಾಲು. ಒಂದೊಂದಕ್ಕೂ ಹಳೇ ವಿಳಾಸ, ಹೊಸ ವಿಳಾಸ ಬರೆದ ಶೀಟ್ ತಯಾರಾಗುತ್ತಿದೆ. ವರ್ಗಗಳ ಪುಟ ಮರೆಯಬಾರದು, ಗೂಗಲ್‌ನಿಂದ ನಮಗೆ ಗಿರಾಕಿ ಬರುವುದೇ ಅಲ್ಲಿಗೆ.

ಗ್ರಾಹಕರ ಪಾಸ್‌ವರ್ಡ್ ಬರುವುದಿಲ್ಲ, ಹೆಸರು, ಇಮೇಲ್, ವಿಳಾಸದಂಥ ವಿವರ ಬರುತ್ತದೆ; ಇದನ್ನು ತಿಳಿಸಿ ಮೊದಲೇ ಒಂದು ಮೇಲ್ ಕಳಿಸುತ್ತೇವೆ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆ ಎಂಬ ಸೆಟ್ಟಿಂಗ್ ಹಾಕಿದ್ದಾಯಿತು, ಇಲ್ಲವಾದರೆ ಚೆಕೌಟ್‌ನಲ್ಲಿ ತೆರಿಗೆ ಮೇಲೆ ತೆರಿಗೆ.

ಡೊಮೈನ್ (ಸೈಟಿನ ವಿಳಾಸ) ಹೊಸ ಅಂಗಡಿಗೆ ತಿರುಗಿಸುವ ಹಿಂದಿನ ದಿನ ಟಿಟಿಎಲ್ (ಹಳೇ ದಾಖಲೆಯನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ, ಮಾರನೇ ದಿನ ಎ ಮತ್ತು ಸಿನೇಮ್ ದಾಖಲೆ (ವಿಳಾಸ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವವು) ಮಾತ್ರ ಬದಲಿಸುವುದು. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಮುಟ್ಟಿದರೆ ಅಂಗಡಿಯ ಮೇಲ್ ನಿಲ್ಲುತ್ತದೆ. ಡೊಮೈನ್ ತಿರುಗಿಸುವ ಮುಂಚೆ ಪರೀಕ್ಷೆಗೆ ಕ್ಯಾಶ್ ಆನ್ ಡೆಲಿವರಿ, ಯುಪಿಐ ಎರಡರಲ್ಲೂ ಒಂದೊಂದು ನಿಜವಾದ ಆರ್ಡರ್, ಒಂದು ರೀಫಂಡ್ ಸಮೇತ.